ಮಾರ್ಬಲ್ ಕಟರ್‌ನಲ್ಲಿ ಕತ್ತರಿಸುವಾಗ ಟೈಲ್ ಅಂಚು ಚಕ್ಕೆ ಏಳ್ತಿದೆ

ಪ್ರಶ್ನೆ: 2×2 ಅಡಿಯ ವಿಟ್ರಿಫೈಡ್ ಟೈಲ್, 4 ಇಂಚಿನ ಕಟರ್. ನೀರು ಬಿಟ್ಕೊಂಡೇ ಕತ್ತರಿಸಿದ್ರೂ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಏಳುತ್ತೆ. ಕೊನೆ ಎರಡು ಇಂಚಿಗೆ ಬಂದಾಗ ಮೂಲೆ ಮುರಿದೇ ಹೋಗುತ್ತೆ. ಬ್ಲೇಡ್ ಬದಲಾಯಿಸಬೇಕಾ?

ಉತ್ತರ 1: ಬ್ಲೇಡಿನ ಅಂಚಲ್ಲಿ ಸೀಳುಗಳಿದ್ರೆ ಬದಲಾಯಿಸಿ, ಅದು ಕಾಂಕ್ರೀಟಿಗೆ. ಟೈಲಿಗೆ ಸುತ್ತ ಸೀಳಿಲ್ಲದ ತೆಳು ಡೈಮಂಡ್ ಬ್ಲೇಡೇ ಬೇಕು. ಹೊಳಪಿನ ಮುಖ ಮೇಲಿರಲಿ, ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ. ಮೊದಲ ಸಲ 2-3 ಮಿ.ಮೀ. ಆಳ ಮಾತ್ರ, ಎರಡನೇ ಸಲ ಪೂರ್ತಿ. ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲಾಂಪ್ ಮಾಡಿ ಅದಕ್ಕೊರಗಿಸಿ ತಳ್ಳಿ. ಬ್ಲೇಡ್ ಸ್ವಲ್ಪ ವಾಲಿದ್ರೂ ಸಿಕ್ಕಿಕೊಂಡು ಕಟರ್ ನಿಮ್ಮ ಕಡೆಗೇ ಎಗರುತ್ತೆ.

ಉತ್ತರ 2: ಮೂಲೆ ಮುರಿಯೋದು ಕೆಳಗೆ ಆಧಾರ ಇಲ್ಲದ್ದಕ್ಕೆ; ತುಂಡು ತನ್ನ ಭಾರಕ್ಕೇ ಜೋತುಬೀಳುತ್ತೆ. ಇಡೀ ಟೈಲಿನಡಿ ದಪ್ಪ ಥರ್ಮಾಕೋಲ್ ಹಾಕಿ. ಆಚೆ ತುದಿಯಿಂದ ಮೊದಲೇ ಎರಡು ಇಂಚು ಕತ್ತರಿಸಿಟ್ಟು, ಈಚೆಯಿಂದ ಬಂದು ಸೇರಿಸಿ. ಎಲ್ ಆಕಾರದ ಕಟ್ ಆದ್ರೆ ಒಳಮೂಲೆಗೆ 6 ಮಿ.ಮೀ. ಡೈಮಂಡ್ ಬಿಟ್‌ನಿಂದ ತೂತು ಹಾಕಿಕೊಳ್ಳಿ, ಬಿರುಕು ಅಲ್ಲಿಂದಲೇ ಶುರುವಾಗೋದು.

ಉತ್ತರ 1: ಬ್ಲೇಡ್ ಹೊಸದಾಗಿದ್ದೂ ಮುಂದಕ್ಕೆ ಹೋಗದೆ ಕಿಡಿ ಬಂದ್ರೆ ಅದರ ಮೈ ನುಣುಪಾಗಿದೆ ಅಂತ. ಕೆಂಪು ಇಟ್ಟಿಗೆಯಲ್ಲಿ ನಾಲ್ಕೈದು ಗೀರು ಎಳೀರಿ, ವಜ್ರದ ಕಣ ಮತ್ತೆ ಹೊರಬರುತ್ತೆ.

ಉತ್ತರ 3: ದಯವಿಟ್ಟು ಕರೆಂಟ್ ಕಡೆ ಗಮನ ಕೊಡಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಲೈನ್ ಕಡಿಯೋ ಸ್ವಿಚ್) ಇಲ್ಲದ ಲೈನಿಗೆ ನೀರಿನ ಕೆಲಸ ಬೇಡವೇ ಬೇಡ. ನೀರು ಬ್ಲೇಡಿಗೆ ಬೀಳಬೇಕು, ಮೋಟಾರಿನ ಗಾಳಿಕಿಂಡಿಗಲ್ಲ. ವೈರ್ ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮೇಲೇರಲಿ, ಆಗ ವೈರಿಗುಂಟ ಬಂದ ಹನಿ ಪ್ಲಗ್ ಮುಟ್ಟದೆ ಅಲ್ಲೇ ತೊಟ್ಟಿಕ್ಕುತ್ತೆ.