ಕೃಷಿ ಹೊಂಡ: ನೀರು ಕಡು ಹಸಿರು, ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ

ತೋಟದ_ದಾರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. 21 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿ ಹೊಂಡ, ಒಳಗೆ ಪ್ಲಾಸ್ಟಿಕ್ ಹೊದಿಕೆ ಇದೆ. ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟೆವು, ಒಟ್ಟು ಸುಮಾರು 400. ನೀರು ಹಸಿರಾಗಲಿ ಅಂತ ವಾರವಾರ ಬುಟ್ಟಿಗಟ್ಟಲೆ ಸಗಣಿ ಸುರಿಯುತ್ತೇವೆ. ಜೊತೆಗೆ ಶೇಂಗಾ ಹಿಂಡಿ, ಅಕ್ಕಿ ತೌಡು. ಈಗ ನೀರು ಪಾಲಕ್ ಸೊಪ್ಪು ಅರೆದು ಕಲಸಿದ ಹಾಗಾಗಿದೆ. ಈಚೆಗೆ ಬರೀ ಮೋಡ. ನಸುಕಿನಲ್ಲಿ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ, ಬಿಸಿಲೇರಿದ ಮೇಲೆ ಕೆಳಗಿಳಿಯುತ್ತವೆ. ಇವತ್ತು ಕೆಲವು ಸತ್ತು ತೇಲಿವೆ, ಅದೂ ದೊಡ್ಡವೇ. ಇದು ಯಾವ ರೋಗ? ಏನು ಔಷಧಿ ಹಾಕಬೇಕು?

ಅಡಿಕೆ_ಗೊನೆ
ಪಾಚಿ ಜಾಸ್ತಿಯಾಗಿದೆ ಅಣ್ಣ. ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಉಳಿದಿದ್ದರೆ ಕರಗಿಸಿ ಎರಚಿ. ನಮ್ಮ ತೋಟದ ತೊಟ್ಟಿಗೆ ಹಾಗೇ ಮಾಡೋದು, ಬೇಗ ತಿಳಿಯಾಗುತ್ತೆ.

ಕೆರೆ_ಏರಿ
ದಯವಿಟ್ಟು ಮೈಲುತುತ್ತ ಹಾಕಬೇಡಿ. ಮೀನಿಲ್ಲದ ತೊಟ್ಟಿಯ ಲೆಕ್ಕ ಬೇರೆ. ಇಲ್ಲಿ ಪಾಚಿಯೆಲ್ಲ ಒಟ್ಟಿಗೆ ಸತ್ತರೆ ಅದನ್ನು ಕೊಳೆಸಲು ಬ್ಯಾಕ್ಟೀರಿಯಾ ಮುಗಿಬೀಳುತ್ತವೆ, ಕೊಳೆಸುವಾಗ ನೀರಿನಲ್ಲಿ ಉಳಿದಿರುವ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ಒಂದೇ ರಾತ್ರಿಯಲ್ಲಿ ಹೊಂಡ ಪೂರ್ತಿ ಖಾಲಿಯಾಗಬಹುದು. ಸಾಲದ್ದಕ್ಕೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ವಿಷ, ಮೀನು ತಿನ್ನುವ ಸಣ್ಣ ಜೀವಿಗಳಿಗೂ ವಿಷ.

ನೀವು ಹೇಳಿದ್ದು ರೋಗದ ಲಕ್ಷಣ ಅಲ್ಲ. ನಸುಕಿನಲ್ಲಿ ಉಸಿರು ಕಟ್ಟುವುದು, ಬಿಸಿಲು ಬಂದರೆ ಸುಧಾರಿಸುವುದು, ದೊಡ್ಡ ಮೀನು ಮೊದಲು ಸಾಯುವುದು, ಈ ಮೂರೂ ಸೇರಿದರೆ ಬಹುಮಟ್ಟಿಗೆ ಆಮ್ಲಜನಕದ ಕೊರತೆಯೇ. ಎರಡು ವಿಷಯ ತಿಳಿಸಿ. ಮೊಣಕೈವರೆಗೆ ಕೈ ಮುಳುಗಿಸಿದರೆ ಅಂಗೈ ಕಾಣುತ್ತದೆಯೇ? ತಳಕ್ಕೆ ಗಳ ಇಳಿಸಿ ತೆಗೆದರೆ ವಾಸನೆ ಹೇಗಿದೆ?

ತೋಟದ_ದಾರಿ
ಅಂಗೈ ಇರಲಿ, ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣೋದಿಲ್ಲ. ಗಳದ ತುದಿಗೆ ಕಪ್ಪು ರಾಡಿ ಹತ್ತಿತು, ಕೊಳೆತ ಮೊಟ್ಟೆ ವಾಸನೆ.

ಕೆರೆ_ಏರಿ
ಹಾಗಾದರೆ ಸಗಣಿ, ಹಿಂಡಿ, ತೌಡು ಎಲ್ಲ ಇವತ್ತಿನಿಂದಲೇ ನಿಲ್ಲಿಸಿ. ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ತಳದಲ್ಲಿ ಆಮ್ಲಜನಕವೇ ಇಲ್ಲ, ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡಿವೆ. ರಾಡಿಯನ್ನು ಕಲಕಬೇಡಿ, ಆ ಅನಿಲ ಮೇಲೆ ಬಂದರೆ ಇನ್ನಷ್ಟು ಮೀನು ಹೋಗುತ್ತವೆ.

ರಾತ್ರಿ ಹತ್ತರ ಹೊತ್ತಿಗೆ ಪಂಪ್ ಶುರು ಮಾಡಿ, ಮೇಲ್ಪದರದ ನೀರನ್ನೇ ಎತ್ತಿ ಹೊಂಡಕ್ಕೇ ಮಳೆಯ ಹಾಗೆ ಚಿಮ್ಮಿಸಿ. ಬಿಸಿಲು ಬೀಳುವವರೆಗೆ ನಿಲ್ಲಿಸಬೇಡಿ, ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ಅತಿ ಅಪಾಯದ್ದು. ಬೋರ್‌ವೆಲ್ ನೀರು ಬಿಡುವುದಾದರೆ ಪೈಪನ್ನು ನೀರೊಳಗೆ ಮುಳುಗಿಸಬೇಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಬಹಳ ಸಲ ಕಡಿಮೆಯೇ ಇರುತ್ತದೆ. ಎತ್ತರದಿಂದ ಕಲ್ಲಿನ ಮೇಲೋ ಜರಡಿಯ ಮೇಲೋ ಬಿದ್ದು ಒಡೆದು ಹೊಂಡಕ್ಕೆ ಸೇರಲಿ.

ತೋಟದ_ದಾರಿ
ಸುಣ್ಣ ಹಾಕಿದರೆ ತಿಳಿಯಾಗುತ್ತೆ ಅಂತ ಪಕ್ಕದ ತೋಟದವರು ಹೇಳ್ತಾರೆ. ಮತ್ತೆ ಒಂದು ಅರ್ಥವಾಗಲಿಲ್ಲ. ಹಸಿರು ಪಾಚಿ ಆಮ್ಲಜನಕ ಕೊಡುತ್ತೆ ಅಂತಲ್ವಾ ಓದಿದ್ದು? ಇಷ್ಟೊಂದು ಪಾಚಿ ಇಟ್ಕೊಂಡು ಕೊರತೆ ಹೇಗೆ?

ಜೀವಶಾಸ್ತ್ರದ_ಮೇಷ್ಟ್ರು
ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಪಾಚಿ ಉತ್ಪಾದಕ, ಅಂದರೆ ಬೆಳಕಿನಿಂದ ತನ್ನ ಆಹಾರ ತಾನೇ ತಯಾರಿಸುವ ಜೀವಿ, ನಿಜ. ಆದರೆ ಬೆಳಕಿದ್ದಾಗ ಮಾತ್ರ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಅದೂ ನಮ್ಮ ಹಾಗೆ ಬರೀ ಉಸಿರಾಡುತ್ತದೆ. ನಿಮ್ಮ ಹೊಂಡದಲ್ಲಿ ಮೀನಿಗಿಂತ ಎಷ್ಟೋ ಪಾಲು ಹೆಚ್ಚು ಆಮ್ಲಜನಕವನ್ನು ರಾತ್ರಿ ಪಾಚಿ ಮತ್ತು ಬ್ಯಾಕ್ಟೀರಿಯಾಗಳೇ ಬಳಸುತ್ತಿವೆ. ಮೇಲಿನ ಪಾಚಿ ದಟ್ಟವಾದಷ್ಟೂ ಬೆಳಕು ಕೆಳಗಿಳಿಯದು, ಅಡಿಯಲ್ಲಿರುವ ಪಾಚಿ ಹಗಲಲ್ಲೂ ಸಾಯುತ್ತದೆ, ತಳಕ್ಕೆ ಬಿದ್ದು ಕೊಳೆಯುತ್ತದೆ. ಮೇಲೆ ಮೋಡ ಕವಿದರೆ ಹಗಲಿನ ಗಳಿಕೆಯೂ ಇಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಸುಮಾರು 7.5 ಮಿಲಿಗ್ರಾಂ. ಮೀನು ಚೆನ್ನಾಗಿರಲು 5 ಬೇಕು. ಎಷ್ಟು ಸಣ್ಣ ಅಂತರ ನೋಡಿ.

ಸಗಣಿಯಿಂದ ಮೀನಿನವರೆಗೆ ದಾರಿ ಹೀಗೆ: ವಿಘಟಕಗಳು, ಅಂದರೆ ಕೊಳೆಸುವ ಬ್ಯಾಕ್ಟೀರಿಯಾದಂಥ ಜೀವಿಗಳು, ಸಗಣಿಯನ್ನು ಒಡೆದು ಸಾರಜನಕ, ರಂಜಕ ಬಿಡಿಸುತ್ತವೆ, ಅದರಿಂದ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಜೀವಿಗಳು ತಿನ್ನುತ್ತವೆ, ಅವುಗಳನ್ನು ಕಾಟ್ಲಾ ಸೋಸಿ ತಿನ್ನುತ್ತದೆ. ಮೃಗಾಲ್ ತಳದ ಕೊಳೆತದ್ದನ್ನು ತಿನ್ನುವ ಮೀನು, ಆದರೆ ಈಗ ನಿಮ್ಮ ತಳದಲ್ಲಿ ಅದು ನಿಲ್ಲಲಾರದು. ಒಂದು ಹಂತದಿಂದ ಮುಂದಿನದಕ್ಕೆ ದಾಟುವ ಶಕ್ತಿ ಸರಿಸುಮಾರು ಹತ್ತನೇ ಒಂದು ಪಾಲು ಅಷ್ಟೇ. ಅಮೆರಿಕದ ಮಿನ್ನೆಸೋಟದ ಒಂದು ಪುಟ್ಟ ಕೆರೆಯನ್ನು ಅಭ್ಯಾಸ ಮಾಡಿ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಲೆಕ್ಕಾಚಾರ ಬೆಳೆದು ಬಂತು. ಅಂದರೆ ಸಗಣಿ ಎರಡರಷ್ಟು ಸುರಿದ ಮಾತ್ರಕ್ಕೆ ಮೀನು ಎರಡರಷ್ಟಾಗದು. ತಿನ್ನುವವರಿಲ್ಲದೆ ಮಿಕ್ಕಿದ್ದೆಲ್ಲ ವಿಘಟಕಗಳ ಪಾಲು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವಲ್ಲ, ಅಲ್ಲಿ ಸಗಣಿಯ ಜಾಗದಲ್ಲಿ ಕೊಳಚೆ ನೀರಿತ್ತು. ಆ ಚಿತ್ರಗಳನ್ನು ನೋಡಿದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಸುಣ್ಣ ಈಗ ಬೇಡ. ಕ್ಷಾರ ಹೆಚ್ಚಿದರೆ ನೀರಿನಲ್ಲಿರುವ ಅಮೋನಿಯಾ ಮೀನಿಗೆ ಇನ್ನಷ್ಟು ವಿಷವಾಗುತ್ತದೆ.

ತೋಟದ_ದಾರಿ
ಪಂಪ್ ರಾತ್ರಿಯಿಡೀ ಓಡಿಸಿದೆವು. ಮೀನು ಮೇಲೆ ಬರೋದು ಬಹಳ ಕಡಿಮೆಯಾಗಿದೆ, ಹೊಸದಾಗಿ ಸತ್ತಿಲ್ಲ. ತಳದ ಆ ರಾಡಿಗೆ ಏನು ಮಾಡಲಿ? ಪಾಚಿ ತಿನ್ನಲು ಬೆಳ್ಳಿ ಗೆಂಡೆ (ಸಿಲ್ವರ್ ಕಾರ್ಪ್ ಮೀನು) ಬಿಡಬಹುದಾ?

ಕೆರೆ_ಏರಿ
ಒಳ್ಳೇ ಸುದ್ದಿ. ಬಿಸಿಲಿರುವ ದಿನ ನೋಡಿಕೊಂಡು ಸೈಫನ್ ಪೈಪಿನಿಂದ ತಳದ ನೀರನ್ನು ಮೆಲ್ಲಗೆ ಅಡಿಕೆ ಬುಡಕ್ಕೆ ಹರಿಸಿ. ಒಂದೇ ಸಲಕ್ಕೆ ಬೇಡ, ದಿನಕ್ಕಿಷ್ಟು. ಮಣ್ಣಿನ ತಳವಿಲ್ಲದ ಹೊಂಡ ಇದು, ಕೊಳೆತದ್ದು ಹೋಗಲು ಬೇರೆ ದಾರಿಯೇ ಇಲ್ಲ. ತೋಟಕ್ಕೆ ಅದು ಒಳ್ಳೆಯ ಗೊಬ್ಬರದ ನೀರು.

ಬೆಳ್ಳಿ ಗೆಂಡೆ ಪಾಚಿಯನ್ನು ನೇರವಾಗಿ ಸೋಸಿ ತಿನ್ನುತ್ತದೆ, ಸರಿ. ಆದರೆ ಕಾಟ್ಲಾಕ್ಕೆ ಪೈಪೋಟಿ. ಬಿಡಲೇಬೇಕಾದರೆ ನೀರು ಸುಧಾರಿಸಿದ ಮೇಲೆ, ಕೆಲವೇ ಮರಿ. ಹುಲ್ಲು ಗೆಂಡೆ (ಗ್ರಾಸ್ ಕಾರ್ಪ್) ಈ ಹಸಿರು ನೀರಿಗೆ ಉಪಯೋಗವಿಲ್ಲ, ಅದಕ್ಕೆ ಬೇಕಾದ್ದು ಹುಲ್ಲು, ನೀರುಗಿಡ.

ಅಂಗೈ ಮೊಣಕೈ ಆಳದಲ್ಲಿ ಮಸುಕಾಗಿ ಕಾಣುವವರೆಗೂ ಸಗಣಿ ಮುಟ್ಟಬೇಡಿ. ಆಮೇಲೂ ಸುರಿಯುವುದು ಬೇಡ, ಗೋಣಿಚೀಲದಲ್ಲಿ ತುಂಬಿ ಒಂದು ಮೂಲೆಗೆ ಹಗ್ಗದಿಂದ ಇಳಿಬಿಡಿ. ಮೋಡ ಕವಿದರೆ ಅಥವಾ ಹಸಿರು ಏರಿದರೆ ಚೀಲವನ್ನು ಮೇಲಕ್ಕೆಳೆದು ದಡಕ್ಕೆ ಹಾಕಿದರಾಯಿತು.