ಮ್ಯೂನಿಕ್ಕೋ ಐಂಡ್‌ಹೋವನ್ನೋ: ನಾಲ್ಕನೇ ಕ್ಲಾಸಿನ ಮಗಳಿಗೆ ಯಾವ ಊರು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಯಜಮಾನರಿಗೆ ಜರ್ಮನಿಯ ಮ್ಯೂನಿಕ್, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಎರಡೂ ಕಡೆ ಕೆಲಸ ಸಿಕ್ಕಿದೆ. ಸಂಬಳ ಹೆಚ್ಚುಕಮ್ಮಿ ಒಂದೇ. ಮಗಳಿಗೆ ಒಂಬತ್ತು ತುಂಬಿದೆ, ಬೆಂಗಳೂರಲ್ಲಿ ನಾಲ್ಕನೇ ಕ್ಲಾಸು. ಜನವರಿಯಲ್ಲಿ ಹೊರಡಬೇಕು. ಅವಳಿಗೆ ಜರ್ಮನ್ನೂ ಬರಲ್ಲ, ಡಚ್ಚೂ ಬರಲ್ಲ. ಇಂಟರ್‌ನ್ಯಾಷನಲ್ ಶಾಲೆಯ ಫೀಸು ನಮ್ಮ ಕೈಗೆಟುಕಲ್ಲ. ಅಕ್ಕಪಕ್ಕದ ದೇಶ, ಓದೂ ಒಂದೇ ಥರ ಇರುತ್ತೆ ಅಂತಾರೆ ಇವರು. ಹೌದಾ?

ಉತ್ತರ: ಅರ್ಧ ಹೌದು. ಎರಡೂ ಕಡೆ ಪ್ರಾಥಮಿಕ ಶಾಲೆ ಮುಗಿದ ಕೂಡಲೇ ಮಕ್ಕಳನ್ನು ಬೇರೆ ಬೇರೆ ದಾರಿಗೆ ವಿಂಗಡಿಸುತ್ತಾರೆ. ನಮ್ಮಲ್ಲಿ ಸೈನ್ಸೋ ಕಾಮರ್ಸೋ ಅನ್ನುವ ಮಾತು ಎಸ್ಸೆಸ್ಸೆಲ್ಸಿ ಆದಮೇಲೆ ಬರುತ್ತೆ. ಅಲ್ಲಿ ಹತ್ತು–ಹನ್ನೆರಡು ವರ್ಷಕ್ಕೇ. ನಿಮ್ಮ ಮಗಳಿಗೆ ಮುಖ್ಯವಾಗೋದು ಆ ಹತ್ತಕ್ಕೂ ಹನ್ನೆರಡಕ್ಕೂ ನಡುವಿನ ಎರಡು ವರ್ಷ.

ಜರ್ಮನಿಯಲ್ಲಿ ಶಾಲೆ 16 ರಾಜ್ಯಗಳ ಕೈಯಲ್ಲಿದೆ. ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರನೇ ತರಗತಿವರೆಗೆ, ಮ್ಯೂನಿಕ್ ಇರುವ ಬವೇರಿಯಾದಲ್ಲಿ ನಾಲ್ಕಕ್ಕೇ ಮುಗೀತು. ನಾಲ್ಕನೇ ತರಗತಿಯ ಮೇ ತಿಂಗಳ ಶುರುವಿಗೆ ಒಂದು ಪ್ರಮಾಣಪತ್ರ ಕೈಗೆ ಬರುತ್ತೆ. ಜರ್ಮನ್, ಗಣಿತ, ಪರಿಸರ ಈ ಮೂರರ ಸರಾಸರಿ 2.33ರೊಳಗಿದ್ದರೆ ಯೂನಿವರ್ಸಿಟಿ ಕಡೆಗೆ ಒಯ್ಯುವ ಗಿಮ್ನಾಸಿಯುಮ್, 2.66ರೊಳಗಿದ್ದರೆ ನಡುಮಟ್ಟದ ರೆಯಾಲ್‌ಶೂಲೆ, ಅದಕ್ಕೂ ಮೀರಿದರೆ ಸಾಮಾನ್ಯವಾಗಿ ಕಸುಬಿನ ಕಡೆಗೆ ಒಲವಿರುವ ಮಿಟ್ಟೆಲ್‌ಶೂಲೆ. (ಗಾಬರಿಯಾಗಬೇಡಿ, ಅಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ತೀರಾ ಕಳಪೆ.) ಹೊರದೇಶದಿಂದ ಬಂದ ಮಕ್ಕಳಿಗೆ ರಿಯಾಯಿತಿ ಇದೆ. ಆದರೂ ಜನವರಿಯಲ್ಲಿ ಬಂದಿಳಿದ ಮಗು ನಾಲ್ಕೇ ತಿಂಗಳಲ್ಲಿ ಜರ್ಮನ್‌ನಲ್ಲಿ ಏನು ತೋರಿಸೀತು?

ನೆದರ್‌ಲ್ಯಾಂಡ್ಸ್‌ನಲ್ಲಿ ನಾಲ್ಕು ವರ್ಷಕ್ಕೆ ಗ್ರೂಪ್ 1ಕ್ಕೆ ಸೇರಿದ ಮಗು ಹನ್ನೆರಡರ ಹೊತ್ತಿಗೆ ಗ್ರೂಪ್ 8 ಮುಗಿಸುತ್ತೆ. ಆಮೇಲೆ ಕಸುಬಿನ ಓದಿಗೆ ಒಯ್ಯುವ ವಿಎಂಬಿಓ ನಾಲ್ಕು ವರ್ಷ, ವೃತ್ತಿಪರ ಕಾಲೇಜಿಗೆ ಒಯ್ಯುವ ಹಾವೊ ಐದು, ಯೂನಿವರ್ಸಿಟಿಗೆ ಒಯ್ಯುವ ವಿಡಬ್ಲ್ಯೂಓ ಆರು. ಯಾವುದು ಅಂತ ಸಲಹೆ ಕೊಡೋದು ಶಾಲೆ. 2023–24ರಿಂದ ಒಂದು ಒಳ್ಳೆಯ ನಿಯಮ ಬಂದಿದೆ: ಗ್ರೂಪ್ 8ರ ಪರೀಕ್ಷೆಯಲ್ಲಿ ಮಗು ಶಾಲೆ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಮಾಡಿದರೆ ಸಲಹೆಯನ್ನು ಮೇಲಕ್ಕೆ ತಿದ್ದಲೇಬೇಕು. ಬೇಡವೆಂದರೆ ಶಾಲೆಯೇ ಕಾರಣ ಕೊಡಬೇಕು. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳ ಬಗ್ಗೆ ಮೇಷ್ಟ್ರುಗಳ ಅಂದಾಜು ಎಷ್ಟೋ ಸಲ ಕಡಿಮೆಯೇ ಇರುತ್ತೆ. ಎರಡೂ ದೇಶದಲ್ಲಿ ಪಾಠ ಮಾಡಿದವಳಾಗಿ ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ.

ನಿಮ್ಮ ಮಗಳಿಗೆ ಐಂಡ್‌ಹೋವನ್‌ನಲ್ಲಿ ಡಚ್ ಕಲಿಸುವ ಹೊಸಬರ ತರಗತಿಯ ಕಾಲವೂ ಸೇರಿ ಸುಮಾರು ಎರಡೂವರೆ ವರ್ಷ ಸಿಗುತ್ತೆ. ನನ್ನ ಮಾತು ಕೇಳುವುದಾದರೆ ಅಲ್ಲಿಗೇ ಹೋಗಿ. ಮ್ಯೂನಿಕ್ಕೇ ಆಗಬೇಕೆಂದರೆ ಮೂರನೇ ತರಗತಿಗೆ ಸೇರಿಸಿಕೊಳ್ಳಿ ಅಂತ ಶಾಲೆಯಲ್ಲಿ ಕೇಳಿನೋಡಿ. ಒಂದು ವರ್ಷ ಹಿಂದೆ ಬಿತ್ತು ಅಂತ ಅಲ್ಲಿ ಯಾರೂ ಆಡಿಕೊಳ್ಳಲ್ಲ.

ಪ್ರಶ್ನೆ: ಅಕ್ಕ, ನಾವು ಬವೇರಿಯಾದಲ್ಲೇ ಇದ್ದೀವಿ. ಮಗನಿಗೆ ಮಿಟ್ಟೆಲ್‌ಶೂಲೆ ಬಂತು. ಊರಲ್ಲಿ ಅತ್ತೆ-ಮಾವನಿಗೆ ಇನ್ನೂ ಹೇಳಿಲ್ಲ. ಇಂಜಿನಿಯರಿಂಗ್ ದಾರಿ ಮುಚ್ಚಿಹೋಯ್ತಾ?

ಉತ್ತರ: ಇಲ್ಲಪ್ಪ, ಮುಚ್ಚಿಲ್ಲ. ಮಿಟ್ಟೆಲ್‌ಶೂಲೆಯಲ್ಲೇ ಏಳರಿಂದ ಹತ್ತನೇ ತರಗತಿವರೆಗೆ ‘ಎಂ’ ವಿಭಾಗ ಇರುತ್ತೆ, ರೆಯಾಲ್‌ಶೂಲೆಗೆ ಸಮನಾದ ಸರ್ಟಿಫಿಕೇಟು ಅಲ್ಲೇ ಸಿಗುತ್ತೆ. ಒಳ್ಳೆ ಅಂಕ ಬಂದರೆ ಮುಂದೆ ಎರಡು ವರ್ಷ ಫಾಖ್‌ಓಬರ್‌ಶೂಲೆ (ನಮ್ಮ ಪಿಯುಸಿ ಥರ), ಅದು ಮುಗಿದರೆ ಫಾಖ್‌ಹೋಖ್‌ಶೂಲೆ ಅನ್ನುವ ವೃತ್ತಿಪರ ಕಾಲೇಜಿನಲ್ಲಿ ಇಂಜಿನಿಯರಿಂಗ್. ಸುತ್ತು ದಾರಿ ನಿಜ, ಆದರೆ ಡಾಂಬರು ಹಾಕಿದ ದಾರಿ. ಔಸ್‌ಬಿಲ್ಡುಂಗ್ ಅನ್ನುವ ಕಸುಬಿನ ತರಬೇತಿ ಹಿಡಿದರೆ ಮೂರು–ಮೂರೂವರೆ ವರ್ಷ ಕೆಲಸ ಕಲಿಯುತ್ತಲೇ ತಿಂಗಳ ಸಂಬಳ ಬರುತ್ತೆ. ಅದನ್ನು ನಮ್ಮವರು ಕೀಳಾಗಿ ಕಾಣೋದು ನನಗೆ ಒಪ್ಪಿಗೆಯಿಲ್ಲ. ಅತ್ತೆ-ಮಾವನಿಗೆ ಹೇಳಿಬಿಡಿ. ಗುಟ್ಟು ಮಾಡಿದರೆ ತಾನೇನೋ ತಪ್ಪು ಮಾಡಿದೆ ಅಂದುಕೊಳ್ಳೋದು ಹುಡುಗನೇ.

ಪ್ರಶ್ನೆ (ಮೊದಲು ಕೇಳಿದವರು): ಐಂಡ್‌ಹೋವನ್ ಅಂತಲೇ ತೀರ್ಮಾನ ಆಯ್ತು ಮೇಡಂ. ಮನೆಯಲ್ಲೂ ಡಚ್ ಶುರು ಮಾಡಲಾ?

ಉತ್ತರ: ಬೇಡ. ನಿಮಗೇ ಅರೆಬರೆ ಬರುವ ಡಚ್ ಅವಳಿಗೆ ಯಾಕೆ? ಭಿನ್ನರಾಶಿಯನ್ನು ಕನ್ನಡದಲ್ಲಿ ಚೆನ್ನಾಗಿ ಅರ್ಥ ಮಾಡಿಕೊಂಡ ಮಗು ಡಚ್‌ನಲ್ಲಿ ಅದರ ಹೆಸರೊಂದನ್ನು ಕಲಿತರೆ ಸಾಕು. ಡಚ್ಚನ್ನು ಶಾಲೆಗೆ, ಆಟದ ಮೈದಾನಕ್ಕೆ, ಲೈಬ್ರರಿಗೆ ಬಿಡಿ. ಹದಿನೆಂಟರವರೆಗೆ ಲೈಬ್ರರಿ ಸದಸ್ಯತ್ವಕ್ಕೆ ದುಡ್ಡಿಲ್ಲ, ಅಲ್ಲಿಗೆ ಹೋದ ಮೊದಲ ವಾರವೇ ಕಾರ್ಡು ಮಾಡಿಸಿ. ಇನ್ನೊಂದು: ಅವಳು 7 ಅಂತ ಅಂಕ ತಂದರೆ ಬೈಯಬೇಡಿ. ಅಲ್ಲಿ ಹತ್ತಕ್ಕೆ 5.5 ಬಂದರೆ ಪಾಸು, 8 ಅಂದರೆ ಬಹಳ ಒಳ್ಳೆಯದು, 10 ಅಪರೂಪ.