ಸಮಾಜಶಾಸ್ತ್ರ ಓದಿದವರು ಪುನರ್ವಸತಿ ಆಪ್ತಸಮಾಲೋಚನೆಗೆ ಹೋಗಲು ಯಾವ ಕೋರ್ಸ್ ಸರಿ?

ಪ್ರಶ್ನೆ (ಬಯಲುಸೀಮೆಯ ಓದುಗಿ):

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಆರು ವರ್ಷಗಳಿಂದ ಗೌರವಧನದ ಮೇಲೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿದ್ದೇನೆ. ಪೋಲಿಯೊದಿಂದ ನನ್ನ ಬಲಗಾಲು ಸೋತಿದೆ. ಬಿ.ಎ.ಯಲ್ಲಿ ಸಮಾಜಶಾಸ್ತ್ರ, ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದಿದ್ದೇನೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ಮಾಸಾಶನ ನಿಂತವರ ಕಾಗದಪತ್ರ ಸರಿಪಡಿಸುವುದು, ಶಿಬಿರಕ್ಕೆ ಜನರನ್ನು ಕರೆದೊಯ್ಯುವುದು, ಇವುಗಳಲ್ಲೇ ದಿನ ಮುಗಿಯುತ್ತದೆ.

ಕಳೆದ ವರ್ಷ ಕಿವಿ ಕೇಳಿಸದ ಯುವತಿಯೊಬ್ಬಳಿಗೆ ಯೋಜನೆಯೊಂದರಲ್ಲಿ ಹೊಲಿಗೆ ಯಂತ್ರ ಕೊಡಿಸಿದ್ದೆ. ಎಂಟು ತಿಂಗಳ ನಂತರ ಹೋಗಿ ನೋಡಿದರೆ ಯಂತ್ರದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ, ಅದರ ಮೇಲೆ ರಾಗಿ ಚೀಲ ಕೂತಿತ್ತು. “ಮದುವೆ ಆಗೋ ಹುಡುಗಿ, ಊರವರ ಅಳತೆ ತಗೊಳ್ತಾ ಕೂತರೆ ಚೆನ್ನಾಗಿರಲ್ಲ” ಎಂದರು ಅವಳ ಅಣ್ಣ. ನನ್ನ ವರದಿಯಲ್ಲಿ ಮಾತ್ರ ‘ಸೌಲಭ್ಯ ವಿತರಿಸಲಾಗಿದೆ’ ಎಂದೇ ಇದೆ. ಅಂದಿನಿಂದ ಮುಂದೆ ಓದಬೇಕೆಂಬ ಹಟ ಹತ್ತಿದೆ. ಎಂ.ಎ. ಸಮಾಜಶಾಸ್ತ್ರ ಮಾಡಲೇ, ಆಪ್ತಸಮಾಲೋಚನೆಯ ಕೋರ್ಸಿಗೆ ಸೇರಲೇ? ಒಂದು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಸಾಕೆಂದು ಗೆಳತಿ ಹೇಳುತ್ತಾಳೆ, ಅದು ನಿಜವೇ?

ಉತ್ತರ 1 (ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಿದವನು):

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಒಂದು ತಿಂಗಳ ಸರ್ಟಿಫಿಕೇಟಿನಿಂದ ತಿಳಿವಳಿಕೆ ಒಂದಿಷ್ಟು ಹೆಚ್ಚಬಹುದೇ ಹೊರತು ನೋಂದಣಿ ಸಿಗುವುದಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ, ಅಂಗವಿಕಲರ ಪುನರ್ವಸತಿಯಲ್ಲಿ ವೃತ್ತಿಪರರಾಗಿ ಕೆಲಸ ಮಾಡುವವರು ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅದರ ರಿಜಿಸ್ಟರಿನಲ್ಲಿ ಹೆಸರು ದಾಖಲಿಸಿರಬೇಕು. ಆದ್ದರಿಂದ ಯಾವ ಕಾಲೇಜಿಗೆ ಶುಲ್ಕ ಕಟ್ಟುವ ಮೊದಲೂ ಆ ಕೋರ್ಸಿಗೆ, ಆ ಸಂಸ್ಥೆಗೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿಕೊಳ್ಳಿ. ಬ್ರೋಷರಿನಲ್ಲಿ ‘ಮಾನ್ಯತೆ ಪಡೆದ’ ಎಂದಷ್ಟೇ ಇದ್ದರೆ ನಂಬಬೇಡಿ.

ಮಾನಸಿಕ ಆರೋಗ್ಯದ ಕಡೆ ಹೋಗುವುದಾದರೆ ಇನ್ನೊಂದು ಬಾಗಿಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್’ ಎಂದು ಕರೆಯುವುದು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಎರಡು ವರ್ಷದ ಎಂ.ಫಿಲ್. ಮುಗಿಸಿದವರನ್ನು. ಸಮಾಜಶಾಸ್ತ್ರದ ಎಂ.ಎ. ಎಷ್ಟು ಚೆನ್ನಾಗಿ ಮಾಡಿದರೂ ಈ ಬಾಗಿಲು ತೆರೆಯುವುದಿಲ್ಲ. ಹೆಸರುಗಳು ಹತ್ತಿರವಾದ ಕಾರಣ ಪ್ರತಿವರ್ಷ ಯಾರಾದರೂ ಇಲ್ಲಿ ಎಡವುತ್ತಾರೆ. ಯುಜಿಸಿಯ 2022ರ ನಿಯಮಗಳು ಎಂ.ಫಿಲ್. ಅನ್ನೇ ಕೈಬಿಟ್ಟಿರುವುದರಿಂದ, ಅದರ ಜಾಗಕ್ಕೆ ಯಾವ ಪದವಿ ಸಲ್ಲುತ್ತದೆ ಎಂಬುದನ್ನು ಸೇರುವಾಗ ವಿಚಾರಿಸಿಕೊಳ್ಳಿ. ಬೆಂಗಳೂರಿನಲ್ಲಿ ರಿಚ್‌ಮಂಡ್ ಫೆಲೋಶಿಪ್‌ನ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಮನೋಸಾಮಾಜಿಕ ಪುನರ್ವಸತಿ ಮತ್ತು ಆಪ್ತಸಮಾಲೋಚನೆಯ ಎಂ.ಎಸ್ಸಿ. ನಡೆಸಿಕೊಂಡು ಬಂದಿದೆ, ಅದನ್ನೂ ವಿಚಾರಿಸಿ.

ನನ್ನ ಸಲಹೆ ಎಂ.ಎಸ್.ಡಬ್ಲ್ಯೂ., ಮಾನಸಿಕ ಆರೋಗ್ಯದ ಆ ಬಾಗಿಲಿಗೆ ಅದೇ ಮೊದಲ ಮೆಟ್ಟಿಲು. ಬಿ.ಎ. ಆದವರನ್ನು ಸೇರಿಸಿಕೊಳ್ಳುತ್ತಾರೆ, ಕ್ಷೇತ್ರಕಾರ್ಯ ಕಡ್ಡಾಯ. ನಿಮ್ಮ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳ ಮೀಸಲಾತಿಯೂ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯೂ ಇವೆ.

ಉತ್ತರ 2 (ಪದವಿ ಕಾಲೇಜಿನ ಸಮಾಜಶಾಸ್ತ್ರ ಅಧ್ಯಾಪಕಿ):

ನೋಂದಣಿಯ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಆದರೆ ನೀವು ಓದಿದ ವಿಷಯವನ್ನು ಹಿಂದೆ ಬಿಟ್ಟು ಹೋಗಬೇಡಿ. ರೋಗಿಯಾದವನಿಂದ ಸಮಾಜ ಏನನ್ನು ನಿರೀಕ್ಷಿಸುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲೇ ಚರ್ಚಿಸಿದರು. ಗುಣವಾಗಿ ಕೆಲಸಕ್ಕೆ ಮರಳುವ ರೋಗಿಗೆ ಹೊಂದುವ ಆ ಚೌಕಟ್ಟು ಜೀವನವಿಡೀ ಕಿವಿ ಕೇಳಿಸದವರಿಗೆ ಒಗ್ಗುವುದಿಲ್ಲ. ಕಳಂಕದ ಬಗ್ಗೆ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಬರೆದದ್ದು ನಿಮ್ಮ ಕಥೆಗೆ ಹೆಚ್ಚು ಹತ್ತಿರ, ಏಕೆಂದರೆ ಕಳಂಕ ಹೊತ್ತವರ ಜೊತೆಗಿರುವ ಮನೆಯವರಿಗೂ ಅದು ಅಂಟುತ್ತದೆ ಎಂದು ಅವರು ತೋರಿಸಿದರು. 1976ರಲ್ಲಿ ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು, ದೇಹದ ಊನ ಬೇರೆ, ಸಮಾಜ ಒಡ್ಡುವ ಅಡ್ಡಿ ಬೇರೆ ಎಂದು ಬಿಡಿಸಿ ಹೇಳಿತು. ಯಂತ್ರದ ಮೇಲಿನ ರಾಗಿ ಚೀಲ ಈ ಎರಡನೆಯ ಬಗೆಯದು. ಅಣ್ಣನನ್ನು ಬೈದು ಪ್ರಯೋಜನವಿಲ್ಲ. ವರ ಹುಡುಕುವ ಮನೆಯವರು ಯಾವ ಬೀದಿಯ ಮಾತಿಗೆ ಅಂಜುತ್ತಾರೆ, ಆ ಊರಿನಲ್ಲಿ ಯಾವ ಜಾತಿಯ ಹೆಂಗಸರು ಯಾರ ಅಳತೆ ತೆಗೆದುಕೊಳ್ಳುವುದು ವಾಡಿಕೆ, ಇವನ್ನೆಲ್ಲ ಕೇಳಬೇಕು. ನಮ್ಮ ಪಠ್ಯಕ್ರಮದಲ್ಲಿ ಅಂಗವೈಕಲ್ಯಕ್ಕೆ ಒಂದು ಅಧ್ಯಾಯ ಸಿಕ್ಕರೂ ಪುಣ್ಯ ಎಂಬುದು ನನ್ನ ಹಳೆಯ ದೂರು.

ಉತ್ತರ 3 (ಅಮೆರಿಕದಲ್ಲಿ ಈ ವಿಷಯ ಓದಿದ ಕನ್ನಡಿಗ):

ಇಲ್ಲಿ ಪುನರ್ವಸತಿ ಆಪ್ತಸಮಾಲೋಚನೆ ಸ್ವತಂತ್ರ ವೃತ್ತಿ. 1954ರ ಕಾನೂನು ತಿದ್ದುಪಡಿಯಿಂದ ತರಬೇತಿಗೆ ಕೇಂದ್ರದ ಹಣ ಬಂದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಇದರ ಸ್ನಾತಕೋತ್ತರ ಕೋರ್ಸುಗಳು ಬೆಳೆದವು. ಸಮಾಜಶಾಸ್ತ್ರದ ಪದವೀಧರರನ್ನೂ ಸೇರಿಸಿಕೊಳ್ಳುತ್ತಾರೆ. ತರಗತಿಯ ಜೊತೆಗೆ 100 ಗಂಟೆಯ ಪ್ರಾಥಮಿಕ ಅಭ್ಯಾಸ, 600 ಗಂಟೆಯ ಇಂಟರ್ನ್‌ಶಿಪ್ ಇರುತ್ತದೆ. ಖರ್ಚು ವಿಪರೀತ, ಹಾಗಾಗಿ ಬನ್ನಿ ಎಂದು ಹೇಳಲಾರೆ. ಒಂದು ಸಂಗತಿ ಮಾತ್ರ ನಿಮಗೆ ಉಪಯೋಗವಾದೀತು. ಇಲ್ಲಿ ಸರ್ಕಾರ ನಡೆಸುವ ಉದ್ಯೋಗ ಪುನರ್ವಸತಿ ವ್ಯವಸ್ಥೆಯಲ್ಲಿ ಸೌಲಭ್ಯಕ್ಕೆ ಮೊದಲು ಒಂದು ವೈಯಕ್ತಿಕ ಯೋಜನೆ ಬರೆಯುತ್ತಾರೆ. ಯಾವ ಕೆಲಸ ಬೇಕೆಂದು ಆರಿಸುವವರು ಆ ವ್ಯಕ್ತಿಯೇ. ಅವರ ಅಥವಾ ಅವರ ಪರವಾಗಿ ಇರುವವರ ಸಹಿ ಬೀಳದೆ ಯೋಜನೆ ಚಾಲ್ತಿಗೆ ಬರುವುದಿಲ್ಲ. ನಿಮ್ಮ ಬರಹದಲ್ಲಿ ಅಣ್ಣನ ಮಾತಿದೆ. ಆ ಹುಡುಗಿಗೆ ಹೊಲಿಗೆ ಇಷ್ಟವಿತ್ತೇ?

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ಎಂ.ಎಸ್.ಡಬ್ಲ್ಯೂ.ಗೆ ಅರ್ಜಿ ಹಾಕಲು ನಿರ್ಧರಿಸಿದ್ದೇನೆ. ಕ್ಷೇತ್ರಕಾರ್ಯಕ್ಕೆ ಈಗ ಇರುವ ಪಂಚಾಯಿತಿಯನ್ನೇ ಒಪ್ಪುತ್ತಾರೆಯೇ ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಮೂರನೆಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಸರ್, ನಾನು ಅವಳನ್ನು ಕೇಳಿರಲೇ ಇಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಅವಳ ಜೊತೆ ಓದಿದ ಹುಡುಗಿಯೊಬ್ಬಳು ಪಕ್ಕದ ಊರಿನಲ್ಲಿದ್ದಾಳೆ, ಅವಳಿಗೆ ಸನ್ನೆ ಭಾಷೆಯೂ ಗೊತ್ತು, ಬರೆಯಲೂ ಬರುತ್ತದೆ. ಬರುವ ಭಾನುವಾರ ಅವಳನ್ನು ಕರೆದುಕೊಂಡು ಆ ಮನೆಗೆ ಹೋಗುತ್ತೇನೆ.